ಗಿಳಿಹಸಿರು ಸೈಕಲ್ಲಿನ ಗುಟ್ಟು

ಡಾಕ್ಟರ್ ಶಾರ್ಲೆಟ್ ರಕ್ತಪರೀಕ್ಷೆಯ ಚೀಟಿ ಕೊಟ್ಟು, "ರಕ್ತ ಕೊಡುವ ಮೊದಲು ಎರಡು ದಿನ..." ಎನ್ನುವಷ್ಟರಲ್ಲಿ ಹೊರಗಿನ ಬೆಂಚಿನಿಂದ ನೆರೆಯ ವಾಸುವಿನ ಕೆಮ್ಮು ಕೇಳಿಸಿತು. ದೇವದಾಸ ಚೀಟಿಯನ್ನು ಬನಿಯನಿನೊಳಗೆ ತುರುಕಿಕೊಂಡು ಹಿಂಬಾಗಿಲಿನಿಂದ ಪರಾರಿಯಾದ. ಆ ಎರಡು ದಿನದ ಕತೆ ಡಾಕ್ಟರರ ಬಾಯಲ್ಲೇ ಉಳಿಯಿತು.

ಅಲೆವೂರಿನಲ್ಲಿ ಸಕ್ಕರೆ ಕಾಯಿಲೆ ಇದ್ದವರು ಅದನ್ನು ಮಗನ ಡಿಗ್ರಿಯ ಹಾಗೆ ಹೇಳಿಕೊಳ್ಳುತ್ತಾರೆ. ಪ್ರೊಸ್ಟೇಟ್ ಗ್ರಂಥಿಯ ತೊಂದರೆ ಹಾಗಲ್ಲ. ರಾತ್ರಿ ಮತ್ತೆ ಮತ್ತೆ ಎದ್ದು ಹೋಗುವುದೇಕೆಂದು ಹೆಂಡತಿ ಕುಶಲಾ ಕೇಳಿದರೆ "ನಾಯಿ ಬೊಗಳಿತು" ಎನ್ನುತ್ತಿದ್ದ. ಮನೆಯಲ್ಲಿ ನಾಯಿ ಇರಲಿಲ್ಲ. ಆದರೆ ಅವನ ಅಣ್ಣನಿಗೆ ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಗುವಾಗ ತಡವಾಗಿಹೋಗಿತ್ತು. ಹಾಗಾಗಿ ಪರೀಕ್ಷೆ ಆಗಲೇಬೇಕು, ಊರಿಗೆ ಗೊತ್ತಾಗಲೇಬಾರದು.

ಮಣಿಪಾಲದ ಆಸ್ಪತ್ರೆಯ ತುಂಬ ಪರಿಚಯದವರು. ಕಾಪುವಿನ ಲ್ಯಾಬೇ ವಾಸಿ. ಬಸ್ಸಿನಲ್ಲಿ ಹೋಗುವ ಹಾಗಿಲ್ಲ, ಕಂಡಕ್ಟರ್ ಪ್ರವೀಣ್ ವಾಸುವಿನ ಮಗ, "ಎಲ್ಲಿಗೆ?" ಎಂದು ಕೇಳಿ ಸುಮ್ಮನಾಗದೆ "ಎಂತಕ್ಕೆ?" ಎಂದೂ ಕೇಳುವವನು. ಮರುದಿನ ಬೆಳಿಗ್ಗೆ ದೇವದಾಸ ಹಳೆಯ ಸೈಕಲ್ ಹೊರಗೆ ತೆಗೆದ. ಗೇಟಿಗೆ ಬಳಿದು ಉಳಿದ ಗಿಳಿಹಸಿರು ಪೇಂಟನ್ನು ಕುಶಲಾ ಅದಕ್ಕೆ ಬಳಿದಿದ್ದಳು.

ತಿರುವಿನಲ್ಲೇ ವಾಸು ಸಿಕ್ಕಿದ. ಮಲ್ಪೆಯ ಬೋಟ್ ಮಾರಿದ ಮೇಲೆ ದಾರಿಹೋಕರಿಗೆ ಬಲೆ ಬೀಸುವುದೇ ಅವನ ಕೆಲಸ.

"ಎಂತದು ದೇವದಾಸಣ್ಣ, ಸೈಕಲ್?"

"ಮಂಡಿಗೆ ಒಳ್ಳೆಯದಂತೆ."

"ಎಲ್ಲಿಯವರೆಗೆ?"

"ಮಂಡಿ ಸಾಕು ಅನ್ನುವವರೆಗೆ ಮಾರಾಯ!"

ಕಾಪು ಮುಟ್ಟುವಾಗ ದೇವದಾಸ ಐಸಿನಿಂದ ತೆಗೆದು ಬಿಸಿಲಿಗಿಟ್ಟ ಬಂಗುಡೆ ಮೀನಿನಂತಾಗಿದ್ದ. ಹೆದ್ದಾರಿ ಬದಿಯ ಲ್ಯಾಬಿನ ಎದುರು ಸೈಕಲ್ ನಿಲ್ಲಿಸಿ, ರಕ್ತ ಕೊಟ್ಟು, ಗೆದ್ದವನ ಹಾಗೆ ಮರಳಿದ.

ಸಂಜೆ ಡಾಕ್ಟರರ ಫೋನ್ ಬಂತು. "ಪಿಎಸ್ಎ ಅಂದರೆ ರಕ್ತದಲ್ಲಿ ಪ್ರೊಸ್ಟೇಟಿನ ಅಂಶ, ಸ್ವಲ್ಪ ಜಾಸ್ತಿ ಉಂಟು. ಹೆದರಬೇಡಿ, ಬೇರೆ ಕಾರಣವೂ ಇರಬಹುದು. ಸೈಕಲ್ ಏನಾದರೂ ತುಳಿದಿರಾ?"

"ಟೆಸ್ಟಿಗೆ ಹೋದದ್ದೇ ಸೈಕಲ್ಲಿನಲ್ಲಿ."

"ಅಯ್ಯೋ! ಎರಡು ದಿನ ಸೈಕಲ್ ಬೇಡ ಅಂತಲೇ ಅಲ್ವಾ ನಾನು ನಿನ್ನೆ ಹೇಳಲು ಹೊರಟದ್ದು? ಸೀಟಿನ ಒತ್ತಡಕ್ಕೂ ಅದು ಏರಬಹುದು. ಕೆಲವು ವಾರ ಕಳೆದು ಇನ್ನೊಮ್ಮೆ ನೋಡುವ. ಬಸ್ಸಿನಲ್ಲಿ ಹೋಗಿ."

ಫೋನ್ ಇಡುವಾಗ ಅಂಗಳದಲ್ಲಿ ವಾಸು ನಿಂತಿದ್ದ. ಕೈಯಲ್ಲಿ, ಬೋಟಿನ ನೀಲಿ ಪೇಂಟ್ ಬಳಿದ ಸೈಕಲ್.

"ನಾಳೆಯಿಂದ ಒಟ್ಟಿಗೆ ತುಳಿಯುವ ದೇವದಾಸಣ್ಣ."

"ನನಗೆ ಆಗುವುದಿಲ್ಲ ಮಾರಾಯ, ಪ್ರೊಸ್ಟೇಟ್ ಟೆಸ್ಟ್ ಉಂಟು!" ಮಾತು ಬಾಯಿ ಜಾರಿಯೇಬಿಟ್ಟಿತು.

ವಾಸು ಸುತ್ತ ನೋಡಿ ದನಿ ತಗ್ಗಿಸಿದ. "ನಿನ್ನೆ ನಾನು ಆ ಬೆಂಚಿನಲ್ಲಿ ಕೂತದ್ದೂ ಅದಕ್ಕೇ. ಡಾಕ್ಟರು ನನಗೂ ಎರಡು ದಿನದ್ದು ಎಂತದೋ ಹೇಳಿದರು, ಯಾರು ಬರುತ್ತಾರೋ ಅಂತ ನನ್ನ ಕಿವಿ ಬಾಗಿಲ ಕಡೆ ಇತ್ತು. ಬೆಳಿಗ್ಗೆ ನಿಮ್ಮನ್ನು ನೋಡಿ ಉಪಾಯ ಹೊಳೆಯಿತು. ಮಧ್ಯಾಹ್ನ ಕಾಪುವಿಗೆ ತುಳಿದುಕೊಂಡು ಹೋಗಿ ರಕ್ತ ಕೊಟ್ಟೇ ಬಂದೆ. ಪ್ರವೀಣನಿಗೆ ಸುಳಿವೇ ಇಲ್ಲ!"

ದೇವದಾಸನಿಗೆ ನಗು ತಡೆಯಲಾಗಲಿಲ್ಲ. "ಆ ಎರಡು ದಿನ ಸೈಕಲ್ ತುಳಿಯಬಾರದಿತ್ತು ಮಾರಾಯ! ಹಾಗಾದರೆ ಇನ್ನೊಮ್ಮೆ ಟೆಸ್ಟಿಗೆ ಇಬ್ಬರಿಗೂ ಬಸ್ಸೇ ಗತಿ."

"ಬಸ್ಸಾ? ಇಡೀ ಬಸ್ಸಿಗೆ ಗೊತ್ತಾಗುತ್ತದೆ!"

ಕುಶಲಾ ಚಹಾ ತಂದಿಟ್ಟಳು. "ಬೆಳಿಗ್ಗೆ ಪ್ರವೀಣ ಫೋನ್ ಮಾಡಿದ್ದ. ಲ್ಯಾಬಿನ ಎದುರು ಹಸಿರು ಸೈಕಲ್ ಉಂಟು, ಮಾಮನಿಗೆ ಎಂತ ಆಯ್ತು ಅಂತ ಇಡೀ ಬಸ್ಸು ಕೇಳುತ್ತಾ ಉಂಟಂತೆ."

ವಾಸು ನಗಲು ಬಾಯಿ ತೆರೆದ.

"ವಾಸಣ್ಣ, ಮಧ್ಯಾಹ್ನ ಅವನು ಪುನಃ ಫೋನ್ ಮಾಡಿದ," ಎಂದಳು ಕುಶಲಾ. "ಈಗ ನೀಲಿಯದ್ದು ಉಂಟಂತೆ."