ಗುರುಪಾದ ಎಳೆದ ಬಾಣ

ಸಾಹುಕಾರ ಮುರುಗೆಪ್ಪನವರು ಆ ವರ್ಷ ಪುಣೆಯ ಯಂತ್ರಗಳ ಪ್ರದರ್ಶನ ನೋಡಲು ಹೋಗದೆ ಇದ್ದಿದ್ದರೆ ಗುರುಪಾದನಿಗೆ ಇಷ್ಟೊತ್ತಿಗೆ ಮದುವೆಯಾಗಿರುತ್ತಿತ್ತು. ಹೋದವರು ಸುಮ್ಮನೆ ಬರಲಿಲ್ಲ, ಒಂದು ಸಿ.ಡಿ. ತಂದರು. ಅದನ್ನು ಕಂಪ್ಯೂಟರಿಗೆ ಹಾಕಿದರೆ ಪರದೆಯ ಮೇಲೆ ಚೌಕಗಳು ಮೂಡುತ್ತಿದ್ದವು. ಮೌಸಿನಿಂದ ಚೌಕಗಳನ್ನು ಎಳೆದು ಸಾಲಾಗಿ ಇಡುವುದು, ಒಂದರಿಂದ ಇನ್ನೊಂದಕ್ಕೆ ಬಾಣ ಜೋಡಿಸುವುದು, ಅಷ್ಟೇ. ಆಮೇಲೆ ಅರ್ಜಿ ತಾನೇ ಬಾಣದ ದಾರಿ ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತದೆ, ಯಾರಿಗೆ ಸೇರಬೇಕೋ ಅವರ ಹೆಸರಿಗೆ ಆದೇಶವೂ ತಾನೇ ಅಚ್ಚಾಗುತ್ತದೆ.

"ಇನ್ನ ಮ್ಯಾಲೆ ಕಾಗದದ ರಜಾ ಅರ್ಜಿ ಬಂದ್," ಎಂದು ಗೋಕುಲ ರಸ್ತೆಯ ತಮ್ಮ ಪಂಪ್ ಕಾರ್ಖಾನೆಯಲ್ಲಿ ಸೋಮವಾರ ಬೆಳಿಗ್ಗೆ ಸಾಹುಕಾರರು ಸಾರಿದರು. "ಕಂಪ್ಯೂಟರ್ ಹೇಳ್ತು ಅಂದ್ರ ನಾ ಹೇಳಿದಂಗ. ಯಾರೂ ಎದುರು ಮಾತಾಡೂ ಹಂಗಿಲ್ಲ. ಗುರುಪಾದಾ, ಮಧ್ಯಾಹ್ನದೊಳಗ ರಜಾದ್ದೊಂದು ನಕ್ಷಾ ತಯಾರ ಮಾಡು."

ಗುರುಪಾದ ಗಡಿಯಾರ ನೋಡಿದ. ಆಫೀಸಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದ ಗುಮಾಸ್ತ ಅವನೊಬ್ಬನೇ. ಆದರೆ ಅದೇ ದಿನ ನಾಲ್ಕು ಗಂಟೆಗೆ ಧಾರವಾಡದಲ್ಲಿ ಅವನು ಹೆಣ್ಣು ನೋಡಬೇಕಿತ್ತು. ಮೂವತ್ನಾಲ್ಕು ತುಂಬಿದ ಈ ಪ್ರಾಣಿ ರಜೆ ಸಿಗದೆ ಆಗಲೇ ಎರಡು ಸಂಬಂಧ ಕಳೆದುಕೊಂಡಿತ್ತು. ಈ ಸಲದ ಹುಡುಗಿ ರಾಜೇಶ್ವರಿ. ಅವಳ ಫೋಟೋ ಹದಿನೈದು ದಿನದಿಂದ ಅವನ ಅಂಗಿಯ ಜೇಬಿನಲ್ಲಿತ್ತು. ಮನಸ್ಸು ಪೂರ್ತಿ ಅವಳಿಗೆ ಹೋಗಿಬಿಟ್ಟಿತ್ತು. ಹುಡುಗಿಯ ತಂದೆ ನಿವೃತ್ತ ಶಿರಸ್ತೇದಾರರು. "ನಾಕ ಅಂದ್ರ ನಾಕ. ವರ ಬರಲಿಲ್ಲ ಅಂದ್ರ ಮಾತು ಅಲ್ಲಿಗೇ ಮುಗೀತು," ಎಂದು ಮೊದಲೇ ಹೇಳಿದ್ದರು. ಗುರುಪಾದನ ತಾಯಿ ರತ್ನವ್ವ ಹಣ್ಣಿನ ಬುಟ್ಟಿ ಹಿಡಿದು ಬೆಳಗಿನ ಬಸ್ಸಿಗೇ ಹೋಗಿಯಾಗಿತ್ತು.

ಇರಲಿ, ನಕ್ಷೆ ಬರೆಯುವವನೂ ನಾನೇ, ಅದರಲ್ಲಿ ಹೋಗುವ ಮೊದಲ ಅರ್ಜಿಯೂ ನನ್ನದೇ ಎಂದು ಗುರುಪಾದ ಧೈರ್ಯ ತಂದುಕೊಂಡ. ಹತ್ತೇ ನಿಮಿಷದಲ್ಲಿ ಮೂರು ಚೌಕ ಇಟ್ಟ: ಅರ್ಜಿ, ಸಾಹುಕಾರರು, ಬದಲಿ. ಕಾರ್ಖಾನೆಯಲ್ಲಿ ಬದಲಿ ಆಳನ್ನು ಹೆಸರಿಸದೆ ಯಾರಿಗೂ ರಜೆಯಿಲ್ಲ. ಅರ್ಜಿಯಲ್ಲಿ ಎರಡು ಸಾಲು: ಆಫೀಸಿನಲ್ಲಿ ಏನು ಕೆಲಸ, ಹೊರಗೆ ಏನು ಕೆಲಸ. ಬದಲಿಯ ಚೌಕಕ್ಕೆ ಅವನು ಕೊಟ್ಟ ಅಪ್ಪಣೆ ಒಂದೇ: ಅರ್ಜಿದಾರನಿಂದ ಯಾವ ಕೆಲಸ ಆಗದೆ ಉಳಿಯುತ್ತದೋ ಅದನ್ನು ಬದಲಿಯವನಿಗೆ ಒಪ್ಪಿಸು.

ಅಷ್ಟರಲ್ಲಿ ಸ್ಟೋರ್‌ಕೀಪರ್ ಹೊಳೆಯಪ್ಪ ಕನ್ನಡಕ ಏರಿಸಿಕೊಂಡು ಬಂದ. "ನಂದೆಲ್ಲೈತೋ ಚೌಕ?"

"ಕಾಕಾ, ರಜಾಕ್ಕೂ ಸ್ಟೋರಿಗೂ ಏನ್ ಸಂಬಂಧರಿ?"

"ಇಪ್ಪತ್ತೆಂಟು ವರ್ಷ ಆತು ನಾ ಇಲ್ಲಿ ಬಂದು. ನನಗೊಂದು ಮಾತು ಕೇಳಲಾರದ ಮಂದಿ ರಜಾದ ಮ್ಯಾಲೆ ಹೊಕ್ಕಾರೇನು? ನನ್ನ ಹೆಸರು ಮ್ಯಾಲ ಇರ್ಲಿ."

ಹೊಳೆಯಪ್ಪನ ಚೌಕ ಬಂದದ್ದೇ ತಡ, ಉಳಿದವರಿಗೂ ಮಾನದ ಪ್ರಶ್ನೆ ಎದ್ದಿತು. ಫೌಂಡ್ರಿಯವರು ಬಂದರು, ಪೇಂಟಿಂಗಿನವರು ಬಂದರು, ಗೇಟಿನ ಕಾವಲುಗಾರನೂ ಬಂದ. ಒಬ್ಬರಿಗೆ ಮೇಲಿನ ಜಾಗ ಬೇಕು, ಇನ್ನೊಬ್ಬರಿಗೆ ಹೊಳೆಯಪ್ಪನ ಕೆಳಗೆ ಬೇಡ. ಹನ್ನೆರಡು ಗಂಟೆಗೆ ಪರದೆಯ ಮೇಲೆ ಹದಿನೇಳು ಚೌಕಗಳಿದ್ದವು. ಯಾವ ಸೋದರಮಾವನ ಹೆಸರೂ ಬಿಟ್ಟುಹೋಗದ ಲಗ್ನಪತ್ರಿಕೆಯ ಹಾಗೆ ಕಾಣುತ್ತಿತ್ತು ಅದು.

ಸಾಹುಕಾರರ ಚೌಕದಿಂದ ಎರಡು ಬಾಣ ಹೊರಡುತ್ತಿದ್ದವು. 'ಮಂಜೂರು' ಬದಲಿಯ ಚೌಕಕ್ಕೆ ತಾಗಿತ್ತು, ಈ ಎಳೆದಾಟದಲ್ಲಿ 'ನಾಮಂಜೂರು' ಬಾಣ ಗಾಳಿಯಲ್ಲಿ ನೇತಾಡತೊಡಗಿತು. ಪರದೆ ಕೆಂಪಾಗಿ ಮುಂದಕ್ಕೆ ಹೋಗಲಾರೆನೆಂದಿತು.

"ಅಣ್ಣಾರ, ಬಾಣದ ತುದಿ ಎಲ್ಲೆರ ಕಟ್ಟಬೇಕಂತ್ರಿ," ಎಂದಳು ಪಕ್ಕದ ಮೇಜಿನ ಟೈಪಿಸ್ಟ್ ಅಬೀದಾ. "ಬದಲಿ ಚೌಕ ಹತ್ರ ಐತಲ್ರಿ, ಅದಕ್ಕ ಕಟ್ಟಿಬಿಡ್ರಿ. ಹೆಂಗೂ ನಿಮ್ಮ ಅರ್ಜಿ ನಾಮಂಜೂರ ಆಗೂದಿಲ್ಲ."

ಹೊತ್ತು ಮೀರುತ್ತಿತ್ತು. ಗುರುಪಾದ ಕಟ್ಟಿಬಿಟ್ಟ.

ಒಂದು ಗಂಟೆಗೆ ಅರ್ಜಿ ಬಿಟ್ಟ. ಆಫೀಸಿನ ಕೆಲಸ: ಬಿಲ್ ಬರೆಯುವುದು. ಹೊರಗಿನ ಕೆಲಸ: ಧಾರವಾಡದ ಮಾಳಮಡ್ಡಿಯಲ್ಲಿ ನಾಲ್ಕು ಗಂಟೆಗೆ ಹೆಣ್ಣು ನೋಡುವುದು. ಬದಲಿ: ಅಡಿವೆಪ್ಪ. ಈ ಅಡಿವೆಪ್ಪ ರವಾನೆ ವಿಭಾಗದ ಬ್ರಹ್ಮಚಾರಿ, ಸಾಧು ಮನುಷ್ಯ, ಬಂದ ಆದೇಶವನ್ನು ಯಾಕೆಂದು ಒಮ್ಮೆಯೂ ಕೇಳಿದವನಲ್ಲ.

ಹದಿನಾಲ್ಕು ಮಂದಿಯ ಮೇಜು ದಾಟಲು ಅರ್ಜಿಗೆ ಒಂದೂವರೆ ತಾಸು ಹಿಡಿಯಿತು. ಮಾನಕ್ಕಾಗಿ ಜಗಳಾಡಿ ಚೌಕ ಪಡೆದವರೆಲ್ಲ ಬರೆದದ್ದು ಒಂದೇ ವಾಕ್ಯ: ಸಾಹುಕಾರರಿಗೆ ಬಿಟ್ಟದ್ದು. ಎರಡೂವರೆಗೆ ಪರದೆಯ ಮೇಲೆ ಉತ್ತರ ಬಂತು: ನಾಮಂಜೂರು.

ಗುರುಪಾದ ಸಾಹುಕಾರರ ಕೋಣೆಗೆ ಓಡಿದ. "ಸಾಹುಕಾರ್ರ, ಹೆಣ್ಣು ನೋಡಾಕ ಹೋಗೂದೈತ್ರಿ!"

"ಕಂಪ್ಯೂಟರ್ ನಾಮಂಜೂರ ಅಂದೈತಲ್ಲೋ."

"ಗುಂಡಿ ಒತ್ತಿದವ್ರು ನೀವ ಅಲ್ರಿ?"

"ಒತ್ತಿದ್ದು ನಾನ. ಹೇಳಿದ್ದು ಕಂಪ್ಯೂಟರ್. ಇವತ್ತ ಮೊದಲನೇ ದಿನ, ಅದು ಕೆಟ್ಟು ನಿಂತ್ರ ನೋಡಾಕ ನೀ ಒಬ್ಬನ ಬಲ್ಲವ. ಹೋಗಿ ಕುಂಡ್ರು."

ಹೋಗಿ ಕುಳಿತ. ಬೀಗರ ಮನೆಗೆ ಫೋನು ಮಾಡಿ ಬರುವುದಿಲ್ಲವೆಂದು ಹೇಳಲು ನಾಲಿಗೆ ಏಳಲಿಲ್ಲ. ನಾಲ್ಕು ಗಂಟೆ ಹೊಡೆದಾಗ ಫೋಟೋವನ್ನು ಜೇಬಿನಿಂದ ತೆಗೆದು ನೋಡಿದ, ಮತ್ತೆ ಒಳಗಿಟ್ಟ.

ಐದೂವರೆಗೆ ಫೋನು ಬಂತು. ಆ ಕಡೆ ರತ್ನವ್ವ. "ಗುರೂ, ನಿನಗ ಬುದ್ಧಿ ಐತೇನೋ? ಯಾರೋ ಅಡಿವೆಪ್ಪ ಅಂತ, ಅವನ್ನ ಯಾಕ ಕಳಿಸಿದಿ?"

"ನಾ ಎಲ್ಲಿ ಕಳಿಸೇನಬೇ?"

"ಕೈಯಾಗ ಕಾಗದ ಹಿಡ್ಕೊಂಡ ಬಂದಾನ. 'ಗುರುಪಾದ ಇವರಿಂದ ಆಗದ ಕೆಲಸ, ಹೆಣ್ಣು ನೋಡುವುದು, ತಾವು ನಿರ್ವಹಿಸತಕ್ಕದ್ದು' ಅಂತ ಬರದೈತಿ!"

ಗುರುಪಾದ ಪರದೆಯ ಮೇಲಿನ ನಕ್ಷೆಯತ್ತ ತಿರುಗಿದ. ರಜೆ ಸಿಕ್ಕರೆ ಉಳಿಯುವುದು ಆಫೀಸಿನ ಕೆಲಸ, ಸಿಗದಿದ್ದರೆ ಉಳಿಯುವುದು ಹೊರಗಿನ ಕೆಲಸ. ಕಂಪ್ಯೂಟರಿನ ಲೆಕ್ಕದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನೇತಾಡುತ್ತಿದ್ದ ಬಾಣವನ್ನು ಕಟ್ಟಿದವನೂ ಅವನೇ.

"ನೀ ಸುಮ್ನ ಇದ್ದೇನಬೇ? ಹೊರಗ ಹಾಕಬೇಕಿಲ್ಲೋ?"

"ಹಾಕಾಕ ಹೋದ್ನೆಪಾ. ಶಿರಸ್ತೇದಾರ್ರು ಕಾಗದ ಇಸ್ಕೊಂಡು ನೋಡಿದ್ರು. ನಂಬರ್ ಐತಿ, ತಾರೀಖು ಐತಿ, ಆದೇಶ ಅಂದ ಮ್ಯಾಲೆ ಮುಗೀತ್ರಿ ಅಂತ ಅವನ್ನ ಮಣಿ ಮ್ಯಾಲೆ ಕುಂಡ್ರಿಸಿದ್ರು. ಅವನೂ ನಾಕಕ್ಕ ಸರಿಯಾಗಿ ಬಂದಿದ್ದ ನೋಡು. ಕೊಟ್ಟಷ್ಟು ಉಪ್ಪಿಟ್ಟು ತಿಂದ, ಕೇಳಿದಷ್ಟಕ್ಕ ಉತ್ತರಾ ಕೊಟ್ಟ." ರತ್ನವ್ವನ ದನಿ ಇಳಿಯಿತು. "ಹುಡುಗಿ ಒಪ್ಪ್ಯಾಳಪಾ. ಅವನ್ನ. ಮುಂದಿನ ತಿಂಗಳ ಲಗ್ನ ಅಂತ."

ಏಳು ಗಂಟೆಗೆ ಅಡಿವೆಪ್ಪ ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಹೂವಿನ ಹಾರದೊಂದಿಗೆ ಮರಳಿದ. ಮೊದಲ ದಿನವೆಂದು ಸಾಹುಕಾರರು ಇನ್ನೂ ಯಾರನ್ನೂ ಮನೆಗೆ ಬಿಟ್ಟಿರಲಿಲ್ಲ. ಗುರುಪಾದನ ಮುಂದೆ ಕೈಮುಗಿದು, "ಹೇಳಿದ ಕೆಲಸಾ ಮುಗಿಸೇನ್ರಿ," ಎಂದ. ಹಾಗೆಯೇ ಕುಳಿತು ತನ್ನ ಅರ್ಜಿಯನ್ನೂ ಬಿಟ್ಟ. ಆಫೀಸಿನ ಕೆಲಸ: ಪಂಪ್ ರವಾನೆ. ಹೊರಗಿನ ಕೆಲಸ: ರಾಜೇಶ್ವರಿಯವರನ್ನು ಮದುವೆಯಾಗುವುದು, ಎಂಟು ದಿನ. ಬದಲಿ: ಗುರುಪಾದ.

ಅದನ್ನು ಓದಿ ಗುರುಪಾದ ಎದ್ದು ನಿಂತ. ಬಾಣ ಇನ್ನೂ ಅಲ್ಲೇ ಇತ್ತು! ಈ ಅರ್ಜಿ ನಾಮಂಜೂರಾದರೆ ಮದುವೆಯ ಕೆಲಸ ಬದಲಿಯವನಿಗೆ, ಶಿರಸ್ತೇದಾರರು ಆದೇಶ ಮೀರುವವರಲ್ಲ. ಎಂಟು ದಿನ ರಜೆಯನ್ನು ಸಾಹುಕಾರರು ಎಂದೂ ಯಾರಿಗೂ ಕೊಟ್ಟವರಲ್ಲ. ಅವನು ಸಿದ್ಧಾರೂಢರನ್ನು ನೆನೆದು ಪರದೆಯ ಮುಂದೆ ಕೈಮುಗಿದು ಕುಳಿತ.

"ಲಗ್ನಕ್ಕ ಯಾರರ ಅಡ್ಡ ಬರ್ತಾರೇನು?" ಎಂದು ಹೊಳೆಯಪ್ಪ ಗುಂಡಿ ಒತ್ತಿದ. ಅವನ ಹಿಂದೆ ಉಳಿದವರೆಲ್ಲ ಒತ್ತಿದರು. ಎರಡೇ ನಿಮಿಷ. ಸಾಹುಕಾರರು ಕೋಣೆಯಿಂದ ನಗುತ್ತ ಹೊರಬಂದರು. "ಮಂಜೂರು! ಗುರುಪಾದಾ, ನಿನ್ನ ನಕ್ಷಾ ಭಾಳ ಛಲೋ ಐತಿ, ಒಂದು ಮನಿ ಕಟ್ಟಿತು ನೋಡು."

ಮೂಲೆಯ ಪ್ರಿಂಟರು ಕರಕರ ಸದ್ದು ಮಾಡಿ ಗುರುಪಾದನ ಹೆಸರಿಗೆ ಎಂಟು ದಿನದ ಪಂಪ್ ರವಾನೆಯನ್ನು ಅಚ್ಚು ಹಾಕಿತು.

"ಗುರುಪಾದಣ್ಣಾ, ಲಗ್ನಕ್ಕ ತಪ್ಪದ ಬರ್ರಿ," ಎಂದ ಅಡಿವೆಪ್ಪ ಅಂತಃಕರಣದಿಂದ. ಆಮೇಲೆ ಕಾಗದ ನೋಡಿ ನಾಲಿಗೆ ಕಚ್ಚಿಕೊಂಡ. "ಅಯ್ಯ, ನೀವು ಬರಾಕಾಗೂದಿಲ್ಲಲ್ರಿ. ನೀವ ನನ್ನ ಬದಲಿ!"