ನಡುಗಣ್ಣಿಗೆ ಕಾಣದ ಚುಕ್ಕೆ

ಆ ದಿನದ ಗೋಳಿಗೆಲ್ಲ ಕಾರಣ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ. ರೇಡಿಯೊ ದೂರದರ್ಶಕದ ನಕ್ಷೆಗಾರ ಅದನ್ನು ಆಕಾಶದ ನಕ್ಷೆಯಲ್ಲಿ ಕಂಡದ್ದು ಬೆಳಿಗ್ಗೆ ಒಂಬತ್ತಕ್ಕೆ. ಒಂಬತ್ತೂಕಾಲಿಗೆ ಅವನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತ್ತು.

ಉಬ್ಬದೆ ಇನ್ನೇನು? ಇಪ್ಪತ್ತೆರಡು ವರ್ಷ ಆಕಾಶದ ನಕ್ಷೆ ಬಿಡಿಸಿದ್ದಾನೆ ಮಹರಾಯ. ಆದರೂ ಅವನ ಹೆಂಡತಿಯ ಅಪ್ಪ, ನಲವತ್ತು ವರ್ಷ ಲಾಂಡ್ರಿ ನಡೆಸಿದ ಮಾವ, ಕಂಡಕಂಡವರಿಗೆಲ್ಲ "ನಮ್ಮಳಿಯ ಆಂಟೆನಾ ರಿಪೇರಿ ಮಾಡ್ತಾನೆ" ಎಂದೇ ಪರಿಚಯಿಸುತ್ತಿದ್ದರು. ಹೊಸ ಗೆಲಾಕ್ಸಿ ಗುಂಪು ಕಂಡುಹಿಡಿದವರ ಹೆಸರು ಬರೆಯುವ ದಪ್ಪ ಪುಸ್ತಕವೊಂದು ಕಚೇರಿಯಲ್ಲಿತ್ತು. ಅದರಲ್ಲಿ ಬರೆದದ್ದನ್ನು ಯಾರೂ ಅಳಿಸುವಂತಿಲ್ಲ. ಅಲ್ಲೊಂದು ಸಾಲು ತನ್ನದಾದರೆ ಮಾವನ ಬಾಯಿ ಮುಚ್ಚಿಸಬಹುದು ಎಂಬುದೊಂದೇ ನಕ್ಷೆಗಾರನ ಆಸೆ.

ಮುಖ್ಯ ವಿಜ್ಞಾನಿ ಡಾಕ್ಟರಮ್ಮ ಊರಿಂದ ಬರುವುದು ಸಂಜೆಗೆ. ಅಷ್ಟು ಹೊತ್ತು ಕಾಯುವವನೇ ಇವನು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿಬಿಟ್ಟ. "ಹೊಸ ಗೆಲಾಕ್ಸಿ ಗುಂಪು. ಕಂಡವನು ನಾನು" ಎಂದು ಪುಸ್ತಕದಲ್ಲಿ ಬರೆದು, ಮಾವನಿಗೆ ಫೋನ್ ಮಾಡಿದ. "ಮಾವ, ಈಗ್ಲೇ ಬನ್ನಿ. ನಿಮ್ಮಳಿಯ ಏನು ಅಂತ ತೋರಿಸ್ತೀನಿ!"

ಅಷ್ಟರಲ್ಲಿ ಉಗ್ರಾಣದವನು ಇಣುಕಿದ. ಊರ ಉಸಾಬರಿಯೆಲ್ಲ ಅವನದೇ. "ಚುಕ್ಕೆನಾ? ಹಕ್ಕಿ ಗಲೀಜು ಕಣಯ್ಯಾ. ತಟ್ಟೆ ಒರೆಸಿ ನೋಡು."

ಅನುಮಾನ ಹೊಕ್ಕಿತು. ನಕ್ಷೆಗಾರ ಬಕೆಟ್ಟು ಹಿಡಿದು ದೂರದರ್ಶಕದ ತಟ್ಟೆ ಹತ್ತಿದ, ಉಜ್ಜಿದ, ಜಾರಿದ, ಪ್ಯಾಂಟಿಗೆಲ್ಲ ಕಲೆ ಮೆತ್ತಿಕೊಂಡು ಕುಂಡೆಯ ಮೇಲೆ ಕೂತೇ ನಡುಮಧ್ಯ ತಲುಪಿದ. ಮತ್ತೆ ನಕ್ಷೆ ತೆಗೆದರೆ ಚುಕ್ಕೆ ಅಲ್ಲೇ ಇತ್ತು. "ಪ್ಯಾಂಟು ಹೋದ್ರೆ ಹೋಗ್ಲಿ, ಮಾನ ಉಳೀತು!" ಎಂದು ಕುಣಿದ.

ಮಾವ ಗರಿಗರಿ ಇಸ್ತ್ರಿಯ ಕೋಟಿನಲ್ಲಿ ಬಂದರು. ಮೊದಲು ಅಳಿಯನ ಪ್ಯಾಂಟನ್ನೇ ನೋಡಿ, "ಗ್ರೀಸು. ಇದು ಹೋಗಲ್ಲ" ಎಂದರು.

"ತಟ್ಟೆ ತೊಳೆಯೋವಾಗ ಆದದ್ದು. ಅದಿರ್ಲಿ ಮಾವ, ಇಲ್ನೋಡಿ. ವಿಶ್ವ ಹುಟ್ಟಿದ ಹೊಸದರಲ್ಲಿ ಹೊರಟ ಬೆಳಕು ಇದು, ಎಲ್ಲಾ ದಿಕ್ಕಿಂದಾನೂ ಬರುತ್ತೆ. ದಾರೀಲಿ ಗೆಲಾಕ್ಸಿ ಗುಂಪು ಸಿಕ್ರೆ, ಅದರೊಳಗೆ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ ಇರುತ್ತೆ. ಅದನ್ನ ದಾಟಿ ಬಂದ ಬೆಳಕು ಇಲ್ಲಿ ಮಂಕಾಗಿ ಕಾಣುತ್ತೆ."

"ಬಿಸಿ ತಗುಲಿ ಮಂಕಾಗುತ್ತಾ? ಇಸ್ತ್ರಿಪೆಟ್ಟಿಗೆ ಇಟ್ರೆ ಬಟ್ಟೆ ತಣ್ಣಗಾಗುತ್ತೇನಪ್ಪಾ?"

ನಕ್ಷೆಗಾರ ನಕ್ಷೆಯನ್ನೇ ತಿರುಗಿಸಿ ತಿರುಗಿಸಿ ನೋಡಿದ. ಉಗ್ರಾಣದವನು ಬಿಟ್ಟಾನೆಯೇ! "ಹೋದ್ವಾರ ಹೊಸ ನಡುಗಣ್ಣು ಬಂತಲ್ಲ, ಅದ್ರಲ್ಲೂ ತೋರ್ಸು."

ಆ ದೂರದರ್ಶಕಕ್ಕೆ ಮೂರು ಕಣ್ಣು. ಕಡಿಮೆ ಕಂಪನದ ಅಲೆಗಳಿಗೆ ಕೆಳಗಣ್ಣು, ಹೆಚ್ಚಿನದಕ್ಕೆ ಮೇಲ್ಗಣ್ಣು, ಎರಡರ ಮಧ್ಯದ್ದಕ್ಕೆ ನಡುಗಣ್ಣು. ನಕ್ಷೆಗಾರನಿಗೆ ಗೊತ್ತಿದ್ದದ್ದು ಕೆಳಗಣ್ಣು ಮಾತ್ರ. ಹೊಸ ಕಣ್ಣುಗಳ ಬಗ್ಗೆ ಡಾಕ್ಟರಮ್ಮ ಪಾಠ ಹೇಳಿದ ದಿನ ಅವನು ರಜೆ ಹಾಕಿ ಇದೇ ಮಾವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದ.

ನಡುಗಣ್ಣಿನ ನಕ್ಷೆ ಬಂತು. ಚುಕ್ಕೆ ಮಂಗಮಾಯ!

"ಎಲ್ಲಿ? ಇಲ್ವೇ ಇಲ್ಲ!" ಎಂದು ಮೊದಲು ಕೂಗಿದವರು ಮಾವ. "ನೋಡಪ್ಪಾ, ನಿಜವಾದ ಕಲೆ ಯಾವ ಬೆಳಕಲ್ಲೂ ಕಾಣುತ್ತೆ. ಒಂದರಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾದ್ರೆ ಅದು ಬರೀ ಒದ್ದೆ. ನಲವತ್ತು ವರ್ಷದ ಅನುಭವ."

ಉಗ್ರಾಣದವನು ಕಿಸಕ್ಕೆಂದ. ನಕ್ಷೆಗಾರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಿಟ್ಟಿನಲ್ಲಿ ಪುಸ್ತಕ ಎಳೆದುಕೊಂಡು ಗೀಚಿದ: "ಮೇಲಿನದು ನನ್ನ ಭ್ರಮೆ, ವಾಪಸ್ ಪಡೆದಿದ್ದೇನೆ. ಚುಕ್ಕೆ ನಡುಗಣ್ಣಿಗೆ ಕಾಣುವುದಿಲ್ಲ. ಇದನ್ನು ಮೊದಲು ಕಂಡುಹಿಡಿದವರು ನನ್ನ ಮಾವ." ಕೆಳಗೆ ಉದ್ದನೆಯ ಸಹಿ ಬೇರೆ.

ಸಂಜೆ ಡಾಕ್ಟರಮ್ಮ ಬಂದು ಪುಸ್ತಕ ಓದಿದವರೇ ಓಡಿಹೋಗಿ ಮೇಲ್ಗಣ್ಣು ತೆರೆದರು. ಕಪ್ಪು ಚುಕ್ಕೆಯಿದ್ದ ಜಾಗದಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆ!

"ಸಿಕ್ತು!" ಎಂದು ಅವರು ಚಪ್ಪಾಳೆ ತಟ್ಟಿದರು. "ಕಾದ ಅನಿಲ ಬೆಳಕನ್ನ ನುಂಗಲ್ಲ ಕಣ್ರೀ, ತಳ್ಳಿ ಮೇಲಿನ ಕಂಪನಕ್ಕೆ ಕಳಿಸುತ್ತೆ. ಅದಕ್ಕೇ ಕೆಳಗಣ್ಣಿಗೆ ಕಮ್ಮಿ, ಮೇಲ್ಗಣ್ಣಿಗೆ ಜಾಸ್ತಿ. ನಡುವೆ ಹೋದಷ್ಟೇ ಬಂದಿರುತ್ತೆ. ಅಲ್ಲಿ ಕಾಣದೇ ಇರೋದೇ ಗೆಲಾಕ್ಸಿ ಗುಂಪಿನ ಗುರುತು! ಅದನ್ನ ಹಿಡಿದವರು ಯಾರು?"

ಮಾವ ಕೋಟಿನ ಗುಂಡಿ ಹಾಕಿಕೊಂಡರು.

"ಮೇಡಂ, ಬೆಳಿಗ್ಗೆ ನಾನೇ..." ಎಂದು ನಕ್ಷೆಗಾರ ಬಾಯಿ ತೆರೆದ.

"ವಾಪಸ್ ಪಡೆದಿದ್ದೀರಲ್ಲ, ಸಹಿನೂ ಇದೆ. ಬರೆದದ್ದನ್ನ ಅಳಿಸೋ ಹಾಗಿಲ್ಲ, ನಿಮಗೆ ಗೊತ್ತಲ್ಲ."

ದೂರದರ್ಶಕದ ಮುಂದೆ ಮಾವನ ಫೋಟೊ ಆಯಿತು. ತೆಗೆದವನು ಅಳಿಯ. ಗೇಟಿನಲ್ಲಿ ಕಾವಲಿನವನು ಎದ್ದು ಸಲಾಮು ಹೊಡೆದು, "ಗೆಲಾಕ್ಸಿ ಕಂಡುಹಿಡಿದೋರು ತಾವೇ ಅಂತೆ! ಇವ್ರು ನಿಮಗೇನಾಗ್ಬೇಕು ಸಾರ್?" ಎಂದ.

ಮಾವ ಅಳಿಯನ ಹೆಗಲ ಮೇಲೆ ಕೈಯಿಟ್ಟರು. ಜೀವಮಾನದಲ್ಲಿ ಮೊದಲ ಸಲ ಅವರ ದನಿಯಲ್ಲಿ ಹೆಮ್ಮೆ ತುಳುಕಿತು.

"ನಮ್ಮಳಿಯ ಕಣಪ್ಪಾ. ಇಷ್ಟು ದಿನ ನಾನು ರಿಪೇರಿ ಅಂದ್ಕೊಂಡಿದ್ದೆ. ಆಂಟೆನಾ ತೊಳೀತಾನೆ."