ಅಡುಗೆ ಭಟ್ಟರ ಮೊಬೈಲಿಗೆ ಗುಂಡಿ ಕೂರಿಸಿದ್ದು

ಮೊಬೈಲಿನ ಪರದೆಯಲ್ಲಿ ಯಾವ ಗುಂಡಿ ಎಲ್ಲಿರಬೇಕು ಎಂದು ಕೂತು ಯೋಚಿಸುವುದು ನನ್ನ ಉದ್ಯೋಗ. ಕುಮಟಾದ ನಮ್ಮನೆ ಮಹಡಿಯಲ್ಲಿ ಯೋಚಿಸಿದ್ದೆಲ್ಲ ಛತ್ರದ ಅಡುಗೆಮನೆಗೆ ಹೋದ ಕೂಡಲೇ ತಲೆಕೆಳಗಾಗುತ್ತದೆ. ಒಂದು ಸಲವಲ್ಲ, ಪ್ರತಿ ಸಲ. ನನ್ನ ಏಕೈಕ ಗಿರಾಕಿ, ಮದುವೆ ಮುಂಜಿಗೆ ಅಡುಗೆ ಮಾಡಿಸುವ ಭಟ್ಟರು. ಎಲ್ಲಿ ಎಷ್ಟು ಎಲೆ, ಏನೇನು ಪದಾರ್ಥ, ಯಾವ ಪಾತ್ರೆ ಯಾವ ಊರಿಗೆ ಹೋಯಿತು, ಎಲ್ಲ ಅವರ ತಲೆಯಲ್ಲಿತ್ತು. ಅದನ್ನು ಆಪ್‌ಗೆ ಇಳಿಸುವುದು ನನ್ನ ಹೊಣೆ. ಇವರೂ ಕೈಬಿಟ್ಟರೆ ನನಗೆ ಬಿ.ಎಡ್ ಗತಿ, ಅಮ್ಮ ಆಗಲೇ ಅರ್ಜಿ ಫಾರ್ಮು ತಂದು ದೇವರ ಮುಂದಿಟ್ಟಿದ್ದಳು.

ಅಳತೆ

ಮೊದಲ ದಿನ ಭಟ್ಟರ ಎರಡೂ ಕೈ ಹೋಳಿಗೆ ಕಣಕದಲ್ಲಿ ಮುಳುಗಿದ್ದವು. "ಮೈದಾ ಇನ್ನೂ ಬೇಕು, ಎಂತ ಒತ್ತೂದು?" ಎಂದರು. ತೋರಿಸಿದೆ. ಬಗ್ಗಿ ಮೂಗಿನಿಂದಲೇ ಒತ್ತಿದರು. ಮೂಗಿಗೆ ಮೂರು ಗುಂಡಿ ಒಟ್ಟಿಗೇ ಸಿಕ್ಕವು. ಅಂಗಡಿಯಿಂದ ಮೈದಾ ಬಂತು, ಬೇಡದ ಮೆಂತ್ಯ ಬಂತು, ಜೊತೆಗೆ ಐನೂರು ಬಾಳೆಎಲೆಯೂ ಬಂತು.

ನಮ್ಮ ವಿದ್ಯೆಯಲ್ಲಿ ಹೆಬ್ಬೆರಳಿನ ಅಳತೆ ನೋಡಿ ಗುಂಡಿ ಮಾಡುವುದು ಪದ್ಧತಿ. ಮರುದಿನ ಟೇಪು ಹಿಡಿದುಕೊಂಡು ಹೋಗಿ ಭಟ್ಟರ ಮೂಗು ಅಳೆದುಕೊಂಡು ಬಂದೆ.

ಖಚಿತವೇ

ತಪ್ಪಿ ಒತ್ತಿದರೂ ಅನಾಹುತವಾಗದಿರಲೆಂದು ಪ್ರತಿ ಲೆಕ್ಕಾಚಾರದ ಕೊನೆಗೆ "ಖಚಿತವೇ?" ಎಂಬ ಪ್ರಶ್ನೆ ಇಟ್ಟೆ. ಭಟ್ಟರು ನಾನೂರು ಎಲೆಗೆ ಸಾಂಬಾರಿನ ಬೇಳೆಯ ಲೆಕ್ಕ ಹಾಕಿದರು. ಆಪ್ ಕೇಳಿತು. ಅಕ್ಕಿ ಹಾಕಿದರು. ಮತ್ತೆ ಕೇಳಿತು. ಮೂರನೇ ಸಲಕ್ಕೆ ಭಟ್ಟರ ಮುಖ ಕೆಂಪಾಯಿತು.

"ತಂಗಿ, ಮೂವತ್ತು ವರ್ಷ ಸೌಟು ಹಿಡಿದವನ ಹತ್ರ ಖಚಿತವೇ ಕೇಳ್ತದಲ್ಲ, ಇದು ಹುಟ್ಟಿ ಎಷ್ಟು ಸಮಯ ಆತು?"

"ಮೂರು ತಿಂಗಳು."

"ಹಾಂಗಾದ್ರೆ ದೊಡ್ಡವರ ಮಧ್ಯೆ ಮಾತಾಡೂದು ಬೇಡ ಹೇಳು ಅದಕ್ಕೆ."

ಮೇಲಿಂದ ಮೇಲೆ

ಕಾರ್ಯ ಮುಗಿದ ಮನೆಗೆ ತಾನಾಗಿ ಒಂದು ಸಂದೇಶ ಹೋಗುವ ವ್ಯವಸ್ಥೆ ಮಾಡಿದ್ದೆ: "ನಿಮ್ಮ ಸಂಭ್ರಮದಲ್ಲಿ ಪಾಲ್ಗೊಂಡದ್ದು ನಮ್ಮ ಭಾಗ್ಯ. ನಿಮ್ಮ ಮನೆಯಲ್ಲಿ ಇಂಥ ಕಾರ್ಯ ಮೇಲಿಂದ ಮೇಲೆ ನಡೆಯಲಿ." ಭಟ್ಟರು ತಿಥಿಯ ಅಡುಗೆಯನ್ನೂ ಒಪ್ಪಿಕೊಳ್ಳುತ್ತಾರೆ ಎನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಹೊನ್ನಾವರದ ಒಂದು ಮನೆಗೆ ಹದಿಮೂರನೇ ದಿನದ ಊಟ ಮುಗಿದ ಹತ್ತೇ ನಿಮಿಷಕ್ಕೆ ಆ ಸಂದೇಶ ಹೋಯಿತು.

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಕ್ಷಮೆ ಕೇಳಲು ಓಡಿದೆ. ಜಗುಲಿಯಲ್ಲಿ ಕೂತಿದ್ದ ಅಜ್ಜ ಕನ್ನಡಕ ಏರಿಸಿ ಸಂದೇಶವನ್ನು ಇನ್ನೊಮ್ಮೆ ಓದಿದರು. "ಮನೇಲಿ ಇನ್ನು ಉಳಿದ ಹಿರಿಯ ನಾನೊಬ್ಬನೇ," ಎಂದರು. "ಅಷ್ಟು ಅವಸರ ಇಲ್ಲ ಅಂತ ನಿಮ್ಮ ಭಟ್ರ ಹತ್ರ ಹೇಳು."

ಕೊನೆಯ ಅವಕಾಶ

ಇಷ್ಟಾದ ಮೇಲೆ ಭಟ್ಟರು ಕಡ್ಡಿ ಮುರಿದಂತೆ ಹೇಳಿದರು: ಬರುವ ಸೋಮವಾರ ಭಟ್ಕಳದಲ್ಲಿ ಗೃಹಪ್ರವೇಶ, ಹೊನ್ನಾವರದಲ್ಲಿ ಉಪನಯನ, ಕುಮಟಾದಲ್ಲಿ ಮದುವೆ. ಮೂರೂ ಸುಸೂತ್ರವಾದರೆ ತಮ್ಮ ಐದೂ ಅಡುಗೆಯವರ ಫೋನಿಗೆ ಆಪ್. ಇಲ್ಲವಾದರೆ ನನಗೆ ನಮಸ್ಕಾರ.

ಮೂರು ಊರಿಗೆ ಮೂರು ಸಾಲು ಕೊಟ್ಟು, ಊಟ ಸುಸೂತ್ರವಾದ ಊರು ಹಸಿರಾಗುವಂತೆ ಮಾಡಿ, ಎಲ್ಲವನ್ನೂ ಒಂದೇ ಪರದೆಗೆ ತಂದೆ. ಒಂದು ಜಾಗ ಮಾತ್ರ ಹಾಳಾಗಿ ಉಳಿದಿತ್ತು. ಮನೆಯವರು ಅಡುಗೆಯಲ್ಲಿ ಏನಾದರೂ ಬದಲಿಸಲು ಹೇಳಿದರೆ ತುಂಬಬೇಕಾದ ಹನ್ನೊಂದು ಪುಟ. ಎಲ್ಲಾದರೂ ತಪ್ಪಿದರೆ ಮತ್ತೆ ಮೊದಲನೇ ಪುಟ. ಅದನ್ನು ಸರಿಮಾಡಲು ಸಮಯವೇ ಸಿಗಲಿಲ್ಲ.

ಸೋಮವಾರ ಕುಮಟಾದ ಛತ್ರದಲ್ಲಿ ಭಟ್ಟರ ಪಕ್ಕದಲ್ಲೇ ನಿಂತೆ. ಭಟ್ಕಳ ಹಸಿರಾಯಿತು, ಹೊನ್ನಾವರ ಹಸಿರಾಯಿತು. ಇನ್ನೇನು ಗೆದ್ದೆ ಎನ್ನುವಾಗ ಮದುಮಗಳ ಸೋದರಮಾವ ಅಡುಗೆಮನೆಗೆ ನುಗ್ಗಿದರು. "ಸಾರಿಗೆ ಬೆಲ್ಲ ಕಡಿಮೆ. ಪಾಯಸ ತೆಳು. ನಾನು ಹೇಳ್ತೆ, ಹಾಂಗೆ ಮಾಡಿ."

ಭಟ್ಟರು ಫೋನನ್ನು ಅವರ ಕೈಗೇ ಕೊಟ್ಟರು. "ಇದ್ರಲ್ಲಿ ತುಂಬಿ ಕೊಡಿ, ಮಾವ."

ಅದೇ ಹನ್ನೊಂದು ಪುಟ! ಮಾವ ಹೆಸರು ಹಾಕಿದರು. ಹೆಣ್ಣಿನ ಕಡೆಯೋ ಗಂಡಿನ ಕಡೆಯೋ, ಅದೂ ಆಯಿತು. ಉಪ್ಪೋ, ಹುಳಿಯೋ, ಸಿಹಿಯೋ. ಎಷ್ಟು ಚಮಚ. ಕಾರಣವೇನು. ಆರನೇ ಪುಟದಲ್ಲಿ ಬೆರಳು ಜಾರಿ ಮೊದಲನೇ ಪುಟಕ್ಕೆ ಬಂದರು. ಬೆವರು ಒರೆಸಿ ಮತ್ತೆ ಹೆಸರು ಹಾಕಿದರು. ಅಷ್ಟರಲ್ಲಿ ಹೊರಗೆ ಎರಡನೇ ಪಂಕ್ತಿಗೆ ಎಲೆ ಹಾಕಿದ ಸದ್ದು ಕೇಳಿತು. ಮಾವ ಫೋನನ್ನು ತೆಂಗಿನತುರಿಯ ಪಕ್ಕ ಇಟ್ಟು, "ಹ್ವಾಯ್, ಸಾರು ಅಡ್ಡಿಲ್ಲ," ಎಂದು ಊಟಕ್ಕೆ ಓಡಿದರು. ಅವರ ಹಿಂದೆಯೇ ಸಲಹೆ ಹಿಡಿದು ಬಂದಿದ್ದ ಮತ್ತಿಬ್ಬರೂ ಬಾಗಿಲಲ್ಲೇ ತಿರುಗಿದರು.

"ಭಟ್ರೇ, ತಪ್ಪಾತು. ನಾಳೆಯೇ ಅದನ್ನು ಒಂದೇ ಪುಟ ಮಾಡ್ತೆ," ಎಂದೆ.

ಭಟ್ಟರು ಫೋನನ್ನು ಪಂಚೆಯ ಚುಂಗಿನಿಂದ ಒರೆಸಿ, ಜೋಪಾನವಾಗಿ ಎತ್ತಿಟ್ಟರು. "ಐದೂ ಜನರ ಫೋನಿಗೂ ಹಾಕು, ತಂಗಿ. ಮತ್ತೆ ಆ ಹನ್ನೊಂದು ಪುಟ ಮುಟ್ಟಿದ್ಯೋ ನೋಡು. ಸಾಧ್ಯ ಆದ್ರೆ ಇನ್ನೊಂದು ನಾಲ್ಕು ಸೇರಿಸು."